ಗಾಳಿ ನೋಡಿ ಗಾಡಿ: ಸೌತ್ ಡಕೋಟಾದ ಬಯಲಿನಲ್ಲಿ ಒಂದು ದಿನ

ಅಮೆರಿಕದ ಸೌತ್ ಡಕೋಟಾ ರಾಜ್ಯದ ಐ-90 ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 80 ಮೈಲಿ. ನಮ್ಮ ಆರ್‌ವಿಯನ್ನು ನಾನು 62 ದಾಟಿಸುವುದಿಲ್ಲ. ಹಾಸಿಗೆ, ಒಲೆ, ಫ್ರಿಜ್ ಎಲ್ಲವನ್ನೂ ಹೊತ್ತ ಗಾಡಿಯ ಪಕ್ಕದ ಗೋಡೆ 25 ಅಡಿ ಉದ್ದ; ಬಯಲಿನ ಗಾಳಿಗೆ ಅದು ದೋಣಿಯ ಹಾಯಿಯೇ ಸರಿ. ಸೂ ಫಾಲ್ಸ್ ನಗರದಿಂದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸುಮಾರು 425 ಕಿಲೋಮೀಟರ್. ಈ ದಾರಿಯಲ್ಲಿ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಗಾಳಿಯೇ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಸಿಗೆಯ ಬೆಳಗಿನ ಜಾವದಲ್ಲಿ ಗಾಳಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಮೇಲಿನ ವೇಗದ ಗಾಳಿ ಕೆಳಗಿಳಿದು ಬೆರೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಬ್ಬರಿಸುತ್ತದೆ. ಅದಕ್ಕೇ ಐದೂವರೆಗೆ ಹೊರಟೆವು. ಅದಕ್ಕೂ ಮುಂಚೆ, ಟೈರುಗಳು ತಣ್ಣಗಿರುವಾಗಲೇ ಒತ್ತಡ ಅಳೆದೆ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದಕ್ಕೆ ಕೈ ಎಟುಕುವುದಿಲ್ಲವೆಂದು ಅನೇಕರು ಬಿಟ್ಟುಬಿಡುತ್ತಾರೆ. ಅದರ ಗಾಳಿ ಇಳಿದರೆ ಇಡೀ ಭಾರ ಹೊರಗಿನದರ ಮೇಲೆ ಬಿದ್ದು ಅದೂ ಸಿಡಿಯಬಹುದು. ಮಂಡಿಯೂರಿ ಕುಳಿತು, ಉದ್ದ ಕತ್ತಿನ ಮಾಪಕವನ್ನು ಹೊರಚಕ್ರದ ಕಿಂಡಿಯಲ್ಲಿ ತೂರಿಸಿ ಅಳೆಯಿರಿ. ಕೈ ಮಸಿಯಾದರೂ ಚಿಂತೆಯಿಲ್ಲ. ಗ್ಯಾಸಿನ ವಾಲ್ವ್ ಮುಚ್ಚಿದೆ, ಹೆಂಡತಿ ಕಪಾಟುಗಳ ಚಿಲಕಗಳನ್ನು ಒಂದೊಂದಾಗಿ ಎಳೆದು ನೋಡಿದಳು.

ಮಿಚೆಲ್‌ವರೆಗೆ ಜೋಳ, ಸೋಯಾ, ಮತ್ತೆ ಜೋಳ. ಚೇಂಬರ್ಲೇನ್‌ನಲ್ಲಿ ನೆಲ ಇದ್ದಕ್ಕಿದ್ದಂತೆ ಇಳಿದು ಮಿಸೌರಿ ನದಿ ಕಾಣಿಸುತ್ತದೆ. ದಂಡೆಯ ಎತ್ತರದಲ್ಲಿ 2016ರಲ್ಲಿ ನಿಲ್ಲಿಸಿದ 50 ಅಡಿಯ ‘ಡಿಗ್ನಿಟಿ’ ಪ್ರತಿಮೆ: ಇಲ್ಲಿನ ಮೂಲನಿವಾಸಿಗಳಾದ ಲಕೋಟಾ, ಡಕೋಟಾ ಜನರ ಗೌರವಾರ್ಥವಾಗಿ ಮಾಡಿದ, ಬೆನ್ನ ಹಿಂದೆ ನಕ್ಷತ್ರದ ಕೌದಿ ಹರಡಿ ಹಿಡಿದ ಹೆಣ್ಣು. ದಯವಿಟ್ಟು ಅಲ್ಲಿ ನಿಲ್ಲಿಸಿ, ಕೆಳಗಿಳಿದು ನೋಡಿ.

ನದಿ ದಾಟಿದರೆ ಹೊಲಗಳು ಕಡಿಮೆಯಾಗಿ ಹುಲ್ಲು, ದನ, ಆಕಾಶ ಉಳಿಯುತ್ತವೆ. ಹತ್ತು ಗಂಟೆಗೆ ದಕ್ಷಿಣದ ಗಾಳಿ ಎದ್ದಿತು. ಪಶ್ಚಿಮಕ್ಕೆ ಹೋಗುವವರಿಗೆ ಅದು ಎಡಗಡೆಯ ಅಡ್ಡಗಾಳಿ. ಗಾಡಿ ನೇರವಾಗಿ ಹೋಗಲು ಸ್ಟೀರಿಂಗನ್ನು ಕೊಂಚ ಎಡಕ್ಕೆ ಒತ್ತಿಹಿಡಿದಿರಬೇಕು. ಆಗ ದೊಡ್ಡ ಲಾರಿಯೊಂದು ಎಡದಿಂದ ಹಿಂದಿಕ್ಕುತ್ತದೆ ಎನ್ನಿ. ಲಾರಿ ಗಾಳಿಗೆ ಅಡ್ಡವಾದ ಕ್ಷಣವೇ ನಾವು ಒತ್ತಿಹಿಡಿದ ಸ್ಟೀರಿಂಗ್ ನಮ್ಮನ್ನು ಅದರತ್ತಲೇ ಒಯ್ಯುತ್ತದೆ. ಲಾರಿ ಮುಂದೆ ಹೋಗುತ್ತಲೇ ಗಾಳಿ ಮತ್ತೆ ಬಂದು ಅಪ್ಪಳಿಸುತ್ತದೆ. ಹಾಗಾಗಿ ಕನ್ನಡಿಯಲ್ಲಿ ಲಾರಿ ಕಂಡೊಡನೆ ವೇಗ ತುಸು ಇಳಿಸಿ ಬಲಗೆರೆಯತ್ತ ಸರಿಯುತ್ತೇನೆ. ಅದರ ಮುಂಭಾಗ ನನ್ನ ಕಿಟಕಿಗೆ ಬಂದಾಗ ಹಿಡಿತ ಸಡಿಲಿಸಿ, ಹಿಂಭಾಗ ದಾಟುವಾಗ ಮತ್ತೆ ಬಿಗಿ ಮಾಡುತ್ತೇನೆ. ಕೆಲವು ಲಾರಿಗಳಾಗುವಷ್ಟರಲ್ಲಿ ತೋಳುಗಳೇ ಇದನ್ನು ಕಲಿತುಬಿಡುತ್ತವೆ.

ರೇಡಿಯೊ ಹಾಕಿಯೇ ಇರುತ್ತೇನೆ. ಬಿರುಗಾಳಿಯ ಎಚ್ಚರಿಕೆಯಲ್ಲಿ ಕೌಂಟಿಗಳ (ಅಂದರೆ ಇಲ್ಲಿನ ಜಿಲ್ಲೆಗಳ) ಹೆಸರು ಹೇಳುತ್ತಾರೆ; ಹೊರಗಿನವರಿಗೆ ಅವು ಗೊತ್ತಿರುವುದಿಲ್ಲ. ಬ್ರೂಲ್, ಲೈಮನ್, ಜೋನ್ಸ್, ಜಾಕ್ಸನ್ ಎಂದು ದಾರಿಯ ಕ್ರಮದಲ್ಲೇ ಬರೆದು ಅಂಟಿಸಿಕೊಳ್ಳಿ. ಇದು ಅತಿಯಾದ ಭಯವಲ್ಲ. ಇದೇ ದಾರಿಯ ವಿವಿಯನ್ ಎಂಬ ಪುಟ್ಟ ಊರಿನಲ್ಲಿ 2010ರ ಜುಲೈ 23ರಂದು 8 ಅಂಗುಲ ವ್ಯಾಸದ ಆಲಿಕಲ್ಲು ಬಿದ್ದಿತ್ತು.

ಮರ್ಡೊದಲ್ಲಿ ಪೆಟ್ರೋಲ್ ತುಂಬಿಸಿ, ಮೊಸರನ್ನ ತಿಂದು, ಬಂಕಿನ ಬಾವುಟ ಗಮನಿಸುತ್ತಾ ಕುಳಿತೆವು. ಅದರ ಬಡಿತ ತುಸು ತಗ್ಗಿದ ಮೇಲೆಯೇ ಹೊರಟದ್ದು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಈ ಭಾಗದಲ್ಲಿ ನಾನು ಬಿಡುವುದಿಲ್ಲ. ಗಾಳಿಗೆ ಎದುರಾಗಿ ಓಡಿಸಿದರೆ ಗ್ಯಾಲನ್‌ಗೆ 9 ಮೈಲಿ ಕೊಡುವ ಗಾಡಿ 7ಕ್ಕೆ ಇಳಿಯುತ್ತದೆ. ಇಲ್ಲಿ ಎಕ್ಸಿಟ್ ಸಂಖ್ಯೆಗಳು ವಯೋಮಿಂಗ್ ಗಡಿಯಿಂದ ಎಣಿಸಿದ ಮೈಲಿಗಳು. ಮರ್ಡೊ 192, ಕಡೋಕಾ 150. ಕಳೆದು ನೋಡಿದರೆ ಎರಡರ ನಡುವಿನ ದೂರ ಸಿಗುತ್ತದೆ. ಜಾಕ್ಸನ್ ಕೌಂಟಿಯಲ್ಲಿ ಸಮಯವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ಗಂಟೆಯನ್ನು ವಿಶ್ರಾಂತಿಗೆ ಕೊಡಿ, ವೇಗಕ್ಕಲ್ಲ.

ಎಕ್ಸಿಟ್ 131ರಲ್ಲಿ ಹೆದ್ದಾರಿ ಬಿಟ್ಟು ಸೀಡರ್ ಪಾಸ್ ಬಿಡಾರಕ್ಕೆ ಬಂದೆವು. ಸಂಜೆಯ ಗುಡುಗುಮಳೆ ಹೆಚ್ಚಾಗಿ ಪಶ್ಚಿಮದಿಂದಲೇ ಬರುವುದರಿಂದ ಗಾಡಿಯ ಮೂತಿಯನ್ನು ಆದಷ್ಟು ಆ ಕಡೆಗೇ ತಿರುಗಿಸಿ ನಿಲ್ಲಿಸಿದೆ. ಹೊರಗೆ ನೆರಳಿರಲಿಲ್ಲ, ಆದರೂ ಪಕ್ಕದ ಮಡಿಸುವ ಚಪ್ಪರವನ್ನು ಬಿಚ್ಚಲಿಲ್ಲ. ಒಂದೇ ಬೀಸಿಗೆ ಅದರ ತೋಳುಗಳು ಬಾಗಬಹುದು. ರಿಪೇರಿಗೆ ರ‍್ಯಾಪಿಡ್ ಸಿಟಿಗೇ ಹೋಗಬೇಕು.