ಸ್ಮರಣ ಸಂಚಿಕೆಯ ಅಕ್ಷರಗಳನ್ನು ಸರಿಪಡಿಸಿದ ಬಗೆ

ತಿಪಟೂರಿನ ನಮ್ಮ ಓದುಗರ ಬಳಗದ ಸ್ಮರಣ ಸಂಚಿಕೆಗೆ ಬಂದ ಬರಹಗಳಲ್ಲಿ ಹೆಚ್ಚಿನವು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ರೋಮನ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೆ ಬಳಸುವ) ಫಾಂಟಿನಲ್ಲಿದ್ದುದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತಿದ್ದವು. ಎಲ್ಲವನ್ನೂ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ (ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ವ್ಯವಸ್ಥೆಗೆ) ತಂದು, ಅರ್ಕಾವತ್ತಿರುವ ಪದಗಳನ್ನು ಮೂಲದೊಡನೆ ಒಂದೊಂದಾಗಿ ಹೋಲಿಸಿದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು, ಪರಿವರ್ತಕ ಎಡವುವುದು ಇಲ್ಲಿಯೇ. ಒಳಪುಟಗಳಿಗೆ ನೋಟೊ ಸೆರಿಫ್ ಕನ್ನಡ, ಶೀರ್ಷಿಕೆಗಳಿಗೆ ‘ಬಾಲೂ ತಮ್ಮ’ ಎಂಬ ಫಾಂಟುಗಳನ್ನು ಆರಿಸಿಕೊಂಡೆ. ಎರಡೂ ಮುಕ್ತ ಪರವಾನಗಿಯವು, ಮುದ್ರಣದಲ್ಲಿ ಬಳಸಲು ಶುಲ್ಕವಿಲ್ಲ. ‘ರಾಷ್ಟ್ರ’, ‘ಸ್ತ್ರೀ’ ಮುಂತಾದವುಗಳ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುತ್ತಿದ್ದವು. 12 ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರವನ್ನು 20 ಪಾಯಿಂಟಿಗೆ ಏರಿಸಿದ ಮೇಲೆ ಪುಟ ತಿಳಿಯಾಯಿತು. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಕೊನೆಗೆ ಫಾಂಟುಗಳನ್ನು ಪಿಡಿಎಫ್ ಒಳಗೇ ಅಡಕಗೊಳಿಸಿ ಮುದ್ರಣಾಲಯಕ್ಕೆ ಕೊಟ್ಟೆ.