ಹೊಸ ಪ್ರಾಡಕ್ಟಿಗೆ ಐಡಿಯಾ ಹುಡ್ಕೋದು ಹ್ಯಾಂಗ? ನಮ್ಮ ಕಲಬುರಗಿ ಕಡಿ ಮಂದಿಗೆ

ಹೊಸದೇನರೆ ಮಾಡ್ಬೇಕು ಆದ್ರ ಐಡಿಯಾನೇ ಹೊಳೀವಲ್ದು ಅಂತ ಕೂತಿದ್ರ, ಮೊಬೈಲ್ ಬಾಜು ಇಟ್ಟು ಹೊರಗ ಹೋಗ್ರಿ. ಮಂದಿ ಎಲ್ಲಿ ತಾವೇ ಜುಗಾಡ್ ಮಾಡ್ಕೊಂಡಾರ ನೋಡ್ರಿ, ಐಡಿಯಾ ಅಲ್ಲೇ ಇರ್ತದ.

ತೊಗರಿ ಹೊಲಾನೇ ತಗೋರಿ. ಬಿತ್ತಿ 45-50 ದಿನಕ್ಕ ಕುಡಿ ಚಿವುಟಿದ್ರ ಬಾಜು ಟೊಂಗಿ ಜಾಸ್ತಿ ಒಡೀತಾವ, ಆದ್ರ ಕೈಲೇ ಚಿವುಟ್ಲಾಕ ಆಳು ಎಲ್ಲಿ ಸಿಗ್ತಾರ, ಸಿಕ್ರೂ ಕೂಲಿ ಕೇಳ್ಬ್ಯಾಡ್ರಿ. ಅದಕ್ಕ ಎಣ್ಣಿ ಹೊಡಿಯೋ ಪಂಪಿನ ಬ್ಯಾಟರಿಗೇ ವೈರ್ ಜೋಡ್ಸಿ, ಕೋಲಿನ ತುದಿಗೆ ಸಣ್ಣ ಮೋಟಾರು, ಅದಕ್ಕೊಂದು ಬ್ಲೇಡು, ನಿಂತ್ಕೊಂಡೇ ಸಾಲು ಹಿಡ್ದು ಕತ್ತರಿಸ್ಕೋತ ಹೋಗೋ ಮಷೀನ್ ಬಂದಾವ. ಎಲ್ಲರ್ಕಿಂತ ಮೊದ್ಲು ತ್ರಾಸಿಗೆ ಸಿಕ್ಕು ತಾವೇ ದಾರಿ ಹುಡ್ಕೊಳ್ಳೋ ಮಂದಿಗೆ ಅಮೆರಿಕದ ಎಂಐಟಿ ಅನ್ನೋ ಯೂನಿವರ್ಸಿಟಿಯ ಪ್ರೊಫೆಸರ್ ಎರಿಕ್ ವಾನ್ ಹಿಪ್ಪೆಲ್ 1986ರಾಗೇ ಲೀಡ್ ಯೂಸರ್ ಅಂತ ಹೆಸರಿಟ್ಟಾರ.

ಆದ್ರ ಅವ್ರ ಹತ್ರ ಹೋಗಿ ನಿಮಗೇನು ಬೇಕ್ರೀ ಕಾಕಾ ಅಂತ ಕೇಳ್ಬ್ಯಾಡ್ರಿ, ಸೋವಿದು ಕೊಡಪ್ಪ ಅಂತಾರ ಅಷ್ಟೇ. ಹೋದ ವರ್ಷ ಈ ಕೆಲ್ಸ ಹ್ಯಾಂಗ ಮಾಡಿದ್ರಿ, ಎಲ್ಲಿ ಅಡ್ಕೋತು, ಆಮ್ಯಾಲ ಏನ್ ಮಾಡಿದ್ರಿ ಅಂತ ಕೇಳಿ ಸುಮ್ನ ಕೂಡ್ರಿ.

ಅಂಗಡಿಯವ್ರನ್ನೂ ಹಂಗೇ. ಏನು ಮಾರ್ತದ ಅನ್ನೋದು ಎಲ್ಲರಿಗೂ ಗೊತ್ತದ, ಏನು ಕೇಳಿ ಸಿಗದೇ ವಾಪಸ್ ಹೋದ್ರು ಅನ್ನೋದು ಬರ್ಕೊಳ್ರಿ. ಕಡಕ್ ರೊಟ್ಟಿ ಪ್ಯಾಕೆಟ್ ಬಸ್ಸಿನ್ಯಾಗ ಒಡ್ದು ಚೂರಾಗ್ತದ ಅಂತ ಬೈತಾರಲ್ಲ, ಅದೇ ಚೂರಿಗೆ ಮನ್ಯಾಗ ಎಣ್ಣಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಕಲಸ್ಕೊಂಡು ತಿಂತಾರ. ಚೂರನ್ನೇ ಹಿಂಡಿ ಪುಡಿ ಜೋಡಿ ಪ್ಯಾಕ್ ಮಾಡಿ ಮಾರಿದ್ರ? ಇಲ್ಲಾ ಡಬ್ಬಿಗೆ ಕೂಡೋವಷ್ಟು ಸಣ್ಣ ರೊಟ್ಟಿ ಮಾಡಿದ್ರ? ಒಂದು ಕಂಪ್ಲೇಂಟಿಗೆ ಎರಡು ಐಡಿಯಾ ಆಯ್ತು ನೋಡ್ರಿ.

ರಿಪೇರಿ ಅಂಗಡ್ಯಾಗ ಪದೇ ಪದೇ ಯಾವ ಪಾರ್ಟ್ ಕೆಟ್ಟು ಬರ್ತದ ಅಂತನೂ ಕೇಳ್ರಿ. ಹಳೇ ಕಸುಬು ಬಿಡ್ಬ್ಯಾಡ್ರಿ, ಬೀದರ್‌ನ ಬಿದ್ರಿ ಕೆಲ್ಸ ಒಂದು ಕಾಲಕ್ಕ ಹುಕ್ಕಾ, ಪಾನದಾನಕ್ಕ ಇತ್ತು, ಈಗ ಅದೇ ಬೆಳ್ಳಿ ತಂತಿ ಕುಸುರಿ ಕಿವಿಯೋಲಿಗೂ ಬಂದದ.

ಇನ್ನೊಂದು ಕಡಿ ಯಾರೂ ನೋಡಲ್ಲ, ಪೇಟೆಂಟ್, ಅಂದ್ರ ಹೊಸದು ಕಂಡುಹಿಡ್ದವ್ರಿಗೆ ಅದರ ಮ್ಯಾಲ ಸಿಗೋ ಹಕ್ಕು. ನಮ್ಮ ದೇಶದಾಗ ಅರ್ಜಿ ಹಾಕಿದ ದಿನದಿಂದ 20 ವರ್ಷ ಅಷ್ಟೇ ಹಕ್ಕು, ಆಮ್ಯಾಲ ಯಾರ್ ಬೇಕಾದ್ರೂ ಮಾಡ್ಬಹುದು, ಇಂಥ ಹಳೇ ಪೇಟೆಂಟ್ ಸರ್ಕಾರಿ ಸೈಟಿನ್ಯಾಗ ಪುಕ್ಕಟ ಹುಡ್ಕಬಹುದು.

ಐಡಿಯಾ ಸಿಕ್ಕ ಮ್ಯಾಲ ದೋಸ್ತರನ್ನ ಕೇಳ್ಬ್ಯಾಡ್ರಿ, ಎಲ್ಲದಕ್ಕೂ ಭಾರಿ ಅದ ಲೇ ಅಂತಾರ. ಒಂದೇ ಪೀಸ್ ಮಾಡಿ, ತ್ರಾಸ ಹೇಳ್ಕೊಂಡಿದ್ದ ಮನುಷ್ಯಾಗೇ ತೋರ್ಸಿ, ಅಡ್ವಾನ್ಸ್ ಕೇಳ್ರಿ.