ಗುಜರಿ ಕನ್ನಡಿಯಲ್ಲಿ ಸಿಎಫ್‌ಎಸ್ ಕೂರಿಸಿದ್ದು: ನನ್ನ ಅನುಭವ

ಸಿಎಫ್‌ಎಸ್ (ಕಂಟಿನ್ಯೂಯಸ್ ಫ್ಲಾಶ್ ಸಪ್ರೆಷನ್, ಅಂದರೆ ಒಂದು ಕಣ್ಣಿಗೆ ಮಿನುಗುವ ಚಿತ್ರ ತೋರಿಸಿ ಇನ್ನೊಂದು ಕಣ್ಣಿನದ್ದನ್ನು ಅರಿವಿಗೆ ಬಾರದ ಹಾಗೆ ಅಡಗಿಸುವ ಪ್ರಯೋಗ) ಮಾಡಿದವರಿಗೆ ಗೊತ್ತಿರುತ್ತದೆ, ಅರ್ಧ ಕೆಲಸ ಕನ್ನಡಿಯದ್ದೇ. ಒಂದು ಕಣ್ಣಿಗೆ ಬಣ್ಣದ ಚೌಕಗಳು ಸೆಕೆಂಡಿಗೆ ಹತ್ತು ಸಲ ಬದಲಾಗುತ್ತಿರಬೇಕು. ಇನ್ನೊಂದು ಕಣ್ಣಿಗೆ ಮಂಕು ಪದ ಹೋಗಬೇಕು. ಎರಡೂ ಒಂದೇ ಜಾಗದಲ್ಲಿ ಕೂತರೆ ಪದ ಕೆಲವು ಸೆಕೆಂಡ್ ಕಾಣುವುದೇ ಇಲ್ಲ. ಸ್ವಲ್ಪ ಆಚೀಚೆ ಆದರೂ ಆಟ ಮುಗಿಯಿತು.

ಕನ್ನಡಿ ಸ್ಟೀರಿಯೋಸ್ಕೋಪು (ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತಲುಪಿಸುವ ಸಾಧನ), ಗಲ್ಲದ ಸ್ಟ್ಯಾಂಡು, ಒಳ್ಳೆಯ ಮಾನಿಟರ್ ಸೇರಿಸಿ ಕೊಟೇಶನ್ ತರಿಸಿದ್ದೆ. ಎರಡು ಲಕ್ಷದ ಮೇಲೆ ಚಿಲ್ಲರೆ ಬಂತು. ನಮ್ಮ ವಿಭಾಗಕ್ಕೆ ವರ್ಷಕ್ಕೆ ಬರುವ ದುಡ್ಡೇ ಅಷ್ಟಿಲ್ಲ. ಪುಣೆಯಲ್ಲೇ ಸಾಮಾನು ಹುಡುಕಿ ನಾನೇ ಕಟ್ಟುತ್ತೇನೆ ಅಂದೆ. "ಗುಜರಿ ಗಾಜಿನಲ್ಲಿ ಪ್ರಜ್ಞೆ ಹುಡುಕುತ್ತೀರಾ?" ಅಂತ ಹಿರಿಯರೊಬ್ಬರು ನಕ್ಕರು. ಈಗ ಅವರ ವಿದ್ಯಾರ್ಥಿಗಳೇ ನನ್ನ ಪೆಟ್ಟಿಗೆ ಕೇಳಿಕೊಂಡು ಬರುತ್ತಾರೆ, ಅದಿರಲಿ.

ಮೊದಲು ಎಲ್ಲರ ಹಾಗೆ ಕೆಂಪು-ಹಸಿರು ಕನ್ನಡಕದಿಂದ ಶುರು ಮಾಡಿದೆ. ಕಾಗದದ್ದು, ಒಂದಕ್ಕೆ ಮೂವತ್ತೋ ನಲವತ್ತೋ ರೂಪಾಯಿ. ಅಗ್ಗದ ಹಾಳೆಯಲ್ಲಿ ಹಸಿರು ಬಣ್ಣ ಕೆಂಪು ಕಡೆಗೂ ಸೋರುತ್ತದೆ. ಪದದ ನೆರಳು ಎರಡೂ ಕಣ್ಣಿಗೆ ಹೋದರೆ ಅಡಗುವುದೆಲ್ಲಿಂದ ಬಂತು? ಅದನ್ನು ಬಿಟ್ಟು ಕನ್ನಡಿಗೆ ಬಂದೆ. ಗಾಜಿನಂಗಡಿಯ ಕನ್ನಡಿಗೆ ಬೆಳ್ಳಿ ಹಿಂದೆ ಇರುತ್ತದೆ, ಹಾಗಾಗಿ ಪ್ರತಿ ಅಕ್ಷರಕ್ಕೂ ಒಂದು ತೆಳು ಜೋಡಿ ಕಾಣುತ್ತದೆ. ಬೇಕಾದದ್ದು ಮುಂದೆ ಲೇಪ ಇರುವ ಕನ್ನಡಿ. ಹೊಸದು ತರಿಸಿದರೆ ಒಂದು ತುಂಡಿಗೇ ಸಾವಿರಗಟ್ಟಲೆ. ಆದರೆ ಹಳೇ ಜೆರಾಕ್ಸ್ ಯಂತ್ರದೊಳಗೆ ಇದೇ ಕನ್ನಡಿ ಉದ್ದಕ್ಕೆ ಪಟ್ಟಿಯ ಹಾಗೆ ಇರುತ್ತದೆ. ಹಳೇ ಪ್ರೊಜೆಕ್ಷನ್ ಟಿವಿಯಲ್ಲಂತೂ ಬಾಗಿಲಷ್ಟು ದೊಡ್ಡದು ಸಿಗುತ್ತದೆ.

ಮಂಗಳವಾರ ಪೇಟೆಯ ಜುನಾ ಬಾಜಾರಿನಲ್ಲಿ ಹುಡುಕಿದೆ. ಅಲ್ಲಿ ಯಂತ್ರ ಬಿಚ್ಚುವ ಹುಡುಗ ಕಲಬುರಗಿ ಕಡೆಯವನು. ನಾನು ಪೆನ್ನಿನ ತುದಿ ಕನ್ನಡಿಗೆ ತಾಗಿಸಿ ನೋಡುತ್ತಿದ್ದೆ. ತುದಿಗೂ ಅದರ ಬಿಂಬಕ್ಕೂ ನಡುವೆ ಸಂದು ಇದ್ದರೆ ಮನೆ ಕನ್ನಡಿ, ಎರಡೂ ಅಂಟಿಕೊಂಡರೆ ನಮ್ಮದು. "ಏನ್ ನೋಡಾಕತ್ತೀರಿ ಸರ್ರ, ಮುಖಾ ಕಾಣಂಗಿಲ್ಲೇನು?" ಅಂದ. ನೂರು ರೂಪಾಯಿಗೆ ಎರಡು ಪಟ್ಟಿ ಕೊಟ್ಟ. ಟಿವಿ ಕನ್ನಡಿಗೆ ಸುಮಾರು ನಾಲ್ಕು ನೂರು ಆಯಿತು. ಕೊಯ್ಯಿಸುವಾಗ ಹಿಂಬದಿಯಿಂದ ಗೀರು ಹಾಕಿಸಿ, ಇಲ್ಲದಿದ್ದರೆ ಲೇಪ ಚಕ್ಕೆ ಏಳುತ್ತದೆ. ಬಟ್ಟೆಯಿಂದ ಒರೆಸಲೇಬೇಡಿ, ಗಾಳಿ ಊದುವ ರಬ್ಬರ್ ಬಲ್ಬ್ ಸಾಕು.

ಮಾನಿಟರ್ ಇನ್ನೊಂದು ಗೋಳು. ಎಲ್‌ಸಿಡಿಯಲ್ಲಿ ಹಿಂದಿನ ಚೌಕಗಳ ಕಲೆ ಮುಂದಿನದರ ಮೇಲೆ ಉಳಿಯುತ್ತಿತ್ತು. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಬೇರೆ, ಸಮಯ ಸಣ್ಣಗೆ ಹಿಡಿಯಲು ಆಗುವುದಿಲ್ಲ. ಕೊನೆಗೆ ಅದೇ ಬಾಜಾರಿನಿಂದ ಹದಿನೇಳು ಇಂಚಿನ ಡಬ್ಬಾ ಸಿಆರ್‌ಟಿ ತಂದೆ. ಮಾನಿಟರಿಗೆ ಐನೂರು, ರಿಕ್ಷಾಕ್ಕೆ ನೂರೈವತ್ತು. 100 ಹರ್ಟ್ಸ್‌ನಲ್ಲಿ ಚೆನ್ನಾಗಿ ನಿಂತಿತು, ಹತ್ತು ಫ್ರೇಮಿಗೊಂದು ಮಾಸ್ಕ್ (ಪದವನ್ನು ಅಡಗಿಸುವ ಆ ಬಣ್ಣದ ಚೌಕಗಳ ಚಿತ್ರ). ಪ್ರಯೋಗ ನಡೆಸುವ ಸಾಫ್ಟ್‌ವೇರ್ ಸೈಕೋಪೈ ತೋರಿಸುವ ಸಮಯವನ್ನು ಸುಮ್ನೆ ನಂಬಬಾರದು, ತೆರೆಯ ಬೆಳಕನ್ನೇ ಅಳೆಯಬೇಕು. ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಿಪಿಡಬ್ಲ್ಯೂ34 ಫೋಟೋಡಯೋಡ್ ಸಿಕ್ಕಿತು. ಬೆಳಕು ಬಿದ್ದರೆ ಸಿಗ್ನಲ್ ಕೊಡುವ ಅದನ್ನು ಆರ್ಡುಯಿನೋ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಸೇರಿಸಿ ತೆರೆಯ ಮೂಲೆಗೆ ಅಂಟಿಸಿದೆ. ಗಲ್ಲದ ಸ್ಟ್ಯಾಂಡನ್ನು ಪಿವಿಸಿ ಪೈಪಿನಲ್ಲಿ ನಮ್ಮ ಪ್ಲಂಬರ್ ಮಾಡಿಕೊಟ್ಟರು. ಎಲ್ಲ ಸೇರಿ ಆರೇಳು ಸಾವಿರ ಆಗಿರಬೇಕು.

ಇನ್ನು ಪ್ರಯೋಗಕ್ಕೆ ಬರೋಣ. 2007ರಲ್ಲಿ ಜಿಯಾಂಗ್, ಕಾಸ್ಟೆಲ್ಲೋ, ಹೆ ಈ ಮೂವರು ಸಂಶೋಧಕರು ಚೀನೀ ಮತ್ತು ಹೀಬ್ರೂ ಪದಗಳನ್ನು ಅಡಗಿಸಿ ನೋಡಿದ್ದರು. ಓದಲು ಬರುವ ಲಿಪಿ ಮಾಸ್ಕಿನ ಮರೆಯಿಂದ ಬೇಗ ಹೊರಬರುತ್ತದೆ ಅಂತ ಕಂಡಿತ್ತು. ಕನ್ನಡ-ದೇವನಾಗರಿ ಜೋಡಿಗೆ ಪುಣೆಗಿಂತ ಒಳ್ಳೆ ಊರಿಲ್ಲ ಅನ್ನಿಸಿತು. ಕನ್ನಡ ಶಾಲೆಯಲ್ಲಿ ಓದಿದವರಿದ್ದಾರೆ. ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಮಾತಾಡಿ, ಓದಲು ಮಾತ್ರ ಬಾರದವರೂ ಬೇಕಾದಷ್ಟಿದ್ದಾರೆ. ಉಡುಪಿ ಹೋಟೆಲ್‌ಗಳ ಹುಡುಗರು ಮನೆಯಲ್ಲಿ ತುಳು ಮಾತಾಡುತ್ತಾರೆ, ಓದುವುದು ಕನ್ನಡ. ಒಬ್ಬರಿಗೆ ನೂರು ರೂಪಾಯಿ ಮತ್ತು ಕಾಫಿ ಕೊಟ್ಟೆ. ಕಾಫಿ ಅವರ ಹೋಟೆಲಿನದ್ದೇ, ಶೆಟ್ಟರು ಬಿಲ್ ಮಾತ್ರ ಬಿಡಲಿಲ್ಲ.

ಮೊದಲ ಸುತ್ತಿನ ಲೆಕ್ಕ ನೋಡಿ ತಲೆ ತಿರುಗಿತು. ಎಲ್ಲ ಗುಂಪಿನವರಿಗೂ ದೇವನಾಗರಿಯೇ ಮೊದಲು ಕಾಣುತ್ತಿತ್ತು. ದೇವನಾಗರಿ ಓದಲು ತಡವರಿಸುವ ಹೊಸ ಹೋಟೆಲ್ ಹುಡುಗರಿಗೂ! ಕಾರಣ ಅಕ್ಷರದ ತಲೆ ಮೇಲಿನ ಗೆರೆ. ಉದ್ದಕ್ಕೆ ಎಳೆದ ಆ ಗೆರೆ ಚೌಕಗಳ ನಡುವಿನಿಂದ ಇಣುಕುತ್ತದೆ. ನಮ್ಮ ಅಕ್ಷರಗಳು ದುಂಡಗೆ, ಅಲ್ಲಲ್ಲೇ ಅಡಗುತ್ತವೆ. ಗೆರೆ ಅಳಿಸಿಯೂ ನೋಡಿದೆ. ಆಗ ಮರಾಠಿಯವರು "ಇದು ಗುಜರಾತಿಯಾ?" ಅಂತ ಕೇಳಲು ಶುರು ಮಾಡಿದರು. ಅದು ಬೇರೆಯೇ ಪ್ರಯೋಗ ಆಗುತ್ತದೆ, ಅಲ್ಲಿಗೇ ಕೈಬಿಟ್ಟೆ. ಲಿಪಿಗಳನ್ನು ನೇರವಾಗಿ ಹೋಲಿಸುವುದೇ ಬೇಡ, ಒಂದೇ ಪದ ಬೇರೆ ಬೇರೆ ಗುಂಪಿಗೆ ಎಷ್ಟು ಹೊತ್ತಿಗೆ ಕಂಡಿತು ಅಂತಷ್ಟೇ ನೋಡೋಣ ಅಂತ ತೀರ್ಮಾನಿಸಿದೆ. ಜೊತೆಗೆ ಪ್ರತಿ ಪದದ ಚೂರುಗಳನ್ನು ಕಲಸಿದ ಒಂದು ಸುಳ್ಳು ಪದವನ್ನೂ ಇಟ್ಟೆ.

"ಕಂಡ ಕೂಡಲೇ ಒತ್ತಿ" ಅನ್ನುವ ಸೂಚನೆಯನ್ನೂ ಕಿತ್ತು ಹಾಕಿದೆ. ಧೈರ್ಯವಂತರು ಬೇಗ ಒತ್ತುತ್ತಾರೆ, ಅನುಮಾನದವರು ತಡ ಮಾಡುತ್ತಾರೆ. ಅದರಲ್ಲಿ ಕಣ್ಣಿನ ಕೆಲಸ ಎಷ್ಟು, ಸ್ವಭಾವ ಎಷ್ಟು ಗೊತ್ತಾಗುವುದಿಲ್ಲ. ಪದ ಎಡಕ್ಕಿದೆಯಾ ಬಲಕ್ಕಿದೆಯಾ ಹೇಳಿ ಅಂತ ಕೇಳಿದೆ, ತಪ್ಪು ಉತ್ತರದ ಸರದಿಗಳನ್ನು ತೆಗೆದೆ. ಅಂಕಿಗಳು ಒಮ್ಮೆಲೇ ಶಿಸ್ತಿಗೆ ಬಂದವು. ಜೋರು ಕಣ್ಣಿಗೆ (ಮಿದುಳು ಹೆಚ್ಚು ನೆಚ್ಚುವ ಕಣ್ಣು) ಮಾಸ್ಕ್, ಮೆತ್ತನೆ ಕಣ್ಣಿಗೆ ಪದ. ಯಾವುದು ಜೋರು ಅಂತ ತಿಳಿಯಲು ತೂತು ಮಾಡಿದ ರಟ್ಟು ಸಾಕು. ಈಗ ನನ್ನ ಪೆಟ್ಟಿಗೆಯಲ್ಲಿ ಪದ ಎರಡು ಮೂರು ಸೆಕೆಂಡ್ ಆರಾಮಾಗಿ ಅಡಗುತ್ತದೆ. ಕೆಲವರಲ್ಲಿ ಎಂಟು ಹತ್ತು ಸೆಕೆಂಡ್ ಕೂಡ. ಲಕ್ಷದ ಯಂತ್ರ ಇಟ್ಟುಕೊಂಡವರ ಅಂಕಿ ಇದಕ್ಕಿಂತ ಜಾಸ್ತಿ ಇದ್ದರೆ ತೋರಿಸಲಿ.

ಜುಲೈ ಬಂದಾಗ ಹೊಸ ಕಾಟ ಶುರುವಾಯಿತು. ಗಣಪತಿಗೆ ಢೋಲ್-ತಾಶಾ ಅಭ್ಯಾಸ ಸಂಜೆ ಸಂಜೆ ನಡೆಯುತ್ತದೆ. ಕೆಲವರ ಬೆರಳು ಢೋಲಿನ ಹೊಡೆತಕ್ಕೇ ಗುಂಡಿ ಒತ್ತುತ್ತಿತ್ತು! ಆ ಸಂಜೆಗಳ ಅಂಕಿಗಳನ್ನೆಲ್ಲ ಬದಿಗಿಟ್ಟೆ. ಆದರೆ ತಮಾಷೆಗೆ ಅಂತ, ಬಿಡುವಿನಲ್ಲಿ ಸಂಶೋಧಕ ಬೊನೆ ಮತ್ತವರ ಜೊತೆಗಾರರು 2001ರಲ್ಲಿ ತೋರಿಸಿದ ಹಳದಿ ಚುಕ್ಕೆಯ ಆಟವನ್ನು ಪ್ರಯೋಗಕ್ಕೆ ಬಂದ ಹುಡುಗರಿಗೆ ತೋರಿಸಿದೆ. ನೀಲಿ ಚಿಹ್ನೆಗಳು ತಿರುಗುತ್ತಿದ್ದರೆ ಕಣ್ಣೆದುರಿನ ಚುಕ್ಕೆ ಮಾಯವಾಗುತ್ತದಲ್ಲ, ಅದು. ಢೋಲ್ ನಡೆಯುವಾಗ ಚುಕ್ಕೆ ಹೆಚ್ಚು ಹೊತ್ತು ಮಾಯವಾಗುತ್ತದೆ ಅಂತ ಇಬ್ಬರು ಮೂವರು ಹಟ ಹಿಡಿದರು. ಅಳೆಯಲು ಹೋಗಿಲ್ಲ, ಯಾರಾದರೂ ಮಾಡಿ ನೋಡಿ.

ಕೊನೆಗೆ ಬಂದದ್ದು ಇಷ್ಟು. ಓದು ಬರುವವರಿಗೆ ಕನ್ನಡ ಪದ ಅದರ ಕಲಸಿದ ಸುಳ್ಳು ಪದಕ್ಕಿಂತ ಸುಮಾರು ಕಾಲು ಸೆಕೆಂಡ್ ಮೊದಲು ಹೊರಬಂತು. ಮಾತು ಮಾತ್ರ ಬರುವ ಪುಣೆ ಕನ್ನಡಿಗರಿಗೆ ಆ ಲಾಭ ಸಿಗಲಿಲ್ಲ. ಅವರ ಕಣ್ಣಿಗೆ 'ಮನೆ'ಯೂ ಒಂದೇ, ಕಲಸಿದ ಚೂರೂ ಒಂದೇ. ಸುದ್ದಿ ಕೇಳಿದ ಕೂಡಲೇ "ಹಾಗಾದರೆ ಅರಿವಿಲ್ಲದೇ ಓದುತ್ತಾರೆ ಅನ್ನಿ" ಅಂತ ಹುರಿದುಂಬಿಸಿದವರಿದ್ದಾರೆ. ನಾನು ಹಾಗೆ ಬರೆದಿಲ್ಲ. ಪದ ಮತ್ತು ಮಾಸ್ಕ್ ಎರಡನ್ನೂ ಎರಡೂ ಕಣ್ಣಿಗೆ ತೋರಿಸುವ ಕಂಟ್ರೋಲಿನಲ್ಲೂ (ಹೋಲಿಕೆಗೆ ಇಟ್ಟ ಸುತ್ತು) ಇದೇ ವ್ಯತ್ಯಾಸ ಸ್ವಲ್ಪ ಕಂಡಿತು. ಅಲ್ಲಿ ಅಡಗಿಸುವುದೇ ಇಲ್ಲವಲ್ಲ! ಆ ಕಂಟ್ರೋಲ್ ಕೂಡ ಸಾಲದು ಅಂತ ಸ್ಟೈನ್, ಹೆಬಾರ್ಟ್, ಸ್ಟರ್ಜರ್ 2011ರಲ್ಲೇ ಎಚ್ಚರಿಸಿದ್ದರು. ಅರ್ಧ ಭಾಗ ಕಂಡದ್ದನ್ನು ಗುರುತಿಸುವ ಚುರುಕು ಇರಬಹುದು ಅಂತಲೇ ನನ್ನ ಅಂದಾಜು.

ಈಗ ಸೊಲ್ಲಾಪುರಕ್ಕೆ ಎರಡನೇ ಪೆಟ್ಟಿಗೆ ಕಟ್ಟುತ್ತಿದ್ದೇನೆ, ಅಲ್ಲಿ ಎರಡೂ ಲಿಪಿ ಸಲೀಸಾಗಿ ಓದುವವರು ಸಿಗುತ್ತಾರೆ. ಕಟ್ಟಬೇಕು ಅನ್ನುವವರಿಗೆ ಕನ್ನಡಿಯ ಅಳತೆ, ಕೋನ, ಫೋಟೋಡಯೋಡ್ ಜೋಡಣೆ ಎಲ್ಲ ಕೊಡುತ್ತೇನೆ. ಮಾಸ್ಕಿನ ಬಣ್ಣಗಳನ್ನು ಹೇಗೆ ಆರಿಸಿದೆ, ಎರಡೂ ಚಿತ್ರ ಅಲುಗಾಡದ ಹಾಗೆ ಸುತ್ತ ಯಾವ ಚೌಕಟ್ಟು ಹಾಕಿದೆ ಅಂತ ಮಾತ್ರ ಪೇಪರ್ ಅಚ್ಚಾಗುವವರೆಗೆ ಕೇಳಬೇಡಿ.